ಹಳದಿ ಟೀಶರ್ಟ್ ಹುಡುಗ್ರು: ಜೋಬರ್ಗ್‌ಗೆ ಹೊಸದಾಗಿ ಬಂದೋರಿಗೆ ಎಎನ್‌ಸಿ ಯೂತ್ ಲೀಗ್ ಅಂದ್ರೆ ಏನು

ಪ್ರಾಜೆಕ್ಟ್ ಮೇಲೆ ಸೌತ್ ಆಫ್ರಿಕಾಗೆ ಬಂದ ನಮ್ಮೋರು ಮೊದಲ ತಿಂಗಳಲ್ಲೇ ಕೇಳೋ ಪ್ರಶ್ನೆ, "ಈ ಯೂತ್ ಲೀಗ್ ಅಂದ್ರೆ ನಮ್ಮ ಯೂತ್ ಕಾಂಗ್ರೆಸ್ ಇದ್ದಂಗೆ ತಾನೆ?" ಅಂತ. ಎಎನ್‌ಸಿ ಅಂದ್ರೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಮಂಡೇಲಾ ಅವರ ಪಾರ್ಟಿ, ಯೂತ್ ಲೀಗ್ ಅದರ ಯುವ ಘಟಕ. ಹಾಗಾಗಿ ಹೌದು ಅನ್ಬೋದು, ಆದ್ರೆ ಪೂರ್ತಿ ಹೌದಲ್ಲ. ನಮ್ಮೂರಲ್ಲಿ ಯುವ ಘಟಕ ಅಂದ್ರೆ ಸಾಹೇಬ್ರು ಬಂದಾಗ ಫ್ಲೆಕ್ಸ್ ಕಟ್ಟೋದು, ಹಾರ ತರೋದು, ಬೈಕ್ ರ‍್ಯಾಲಿ ಮಾಡೋದು, ಅಷ್ಟೇ. ಇಲ್ಲಿ ಈ ಹುಡುಗ್ರು ಸೇರ್ಕೊಂಡು ಎರಡು ಸಲ ಸ್ವಂತ ಪಾರ್ಟಿ ಅಧ್ಯಕ್ಷರನ್ನೇ ಕೆಳಗಿಳಿಸಿದಾರೆ.

ಮೊದಲನೇದು 1949ರಲ್ಲಿ. ಎಎನ್‌ಸಿ ಶುರುವಾಗಿದ್ದು 1912ರಲ್ಲಿ, ಆಗಿನ ಲೀಡರ್‌ಗಳೆಲ್ಲ ಲಾಯರ್, ಪಾದ್ರಿ, ಡಾಕ್ಟರ್‌ಗಳು, ಸೂಟು ಹಾಕ್ಕೊಂಡು ಸರ್ಕಾರಕ್ಕೆ ಅರ್ಜಿ ಬರೆಯೋರು, ನಿಯೋಗ ಹೋಗೋರು, ಉತ್ತರ ಬರ್ತಾ ಇರ್ಲಿಲ್ಲ, ಮತ್ತೆ ಅರ್ಜಿ ಬರೆಯೋರು. ಇದನ್ನ ನೋಡಿ ಬೇಜಾರಾಗಿ 1944ರಲ್ಲಿ ಜೋಹಾನ್ಸ್‌ಬರ್ಗಲ್ಲಿ ಕೆಲವು ಹುಡುಗ್ರು ಯೂತ್ ಲೀಗ್ ಕಟ್ಟಿದ್ರು. ಮೊದಲ ಅಧ್ಯಕ್ಷ ಆಂಟನ್ ಲೆಂಬೆಡೆ, ಜೊತೆಗೆ ವಾಲ್ಟರ್ ಸಿಸುಲು, ಆಲಿವರ್ ಟ್ಯಾಂಬೊ, ಆಮೇಲೆ ನೆಲ್ಸನ್ ಮಂಡೇಲಾ ಅಂತ ಒಬ್ಬ ಎತ್ತರದ ಹುಡುಗ. ಲೆಂಬೆಡೆ ಪಾಪ 1947ರಲ್ಲಿ 33ನೇ ವಯಸ್ಸಿಗೇ ತೀರ್ಕೊಂಡ್ರು. 1948ರಲ್ಲಿ ಅಪಾರ್ಥೈಡ್ (ವರ್ಣಭೇದ) ಸರ್ಕಾರ ಬಂತು, ಮಾರನೇ ವರ್ಷ ಹುಡುಗ್ರು ಬಹಿಷ್ಕಾರ, ಮುಷ್ಕರ, ಕಾನೂನು ಭಂಗ ಎಲ್ಲಾ ಇರೋ ಒಂದು ಕಾರ್ಯಕ್ರಮ ಹಿಡ್ಕೊಂಡು ಅಧ್ಯಕ್ಷ ಡಾ. ಜೂಮಾ ಹತ್ರ ಹೋದ್ರು, ಅವರು ಒಪ್ಪಲಿಲ್ಲ, ಸರಿ ಅಂತ ಅವರನ್ನ ಸೋಲಿಸಿ ಡಾ. ಮೊರೋಕಾ ಅವರನ್ನ ಕೂರಿಸಿದ್ರು. ಸಿಸುಲು ಸೆಕ್ರೆಟರಿ ಜನರಲ್ ಆದ್ರು. 1952ರ ಕಾನೂನು ಭಂಗ ಚಳವಳಿ ಅಲ್ಲಿಂದಲೇ ಬಂದಿದ್ದು.

ಇಂಡಿಯನ್ಸ್ ಆಗಿ ನಮಗೆ ಗೊತ್ತಿರಲೇಬೇಕಾದ ಮಾತು ಇಲ್ಲೊಂದಿದೆ. ಶುರುವಿನಲ್ಲಿ ಈ ಲೀಗಿಗೆ ನಮ್ಮ ಮೇಲೆ ಅನುಮಾನ ಇತ್ತು, ಇಂಡಿಯನ್ನರು, ಕಮ್ಯುನಿಸ್ಟರು ಸೇರ್ಕೊಂಡ್ರೆ ಚಳವಳಿ ಅವರ ಕೈಗೆ ಹೋಗುತ್ತೆ ಅಂತ. ಮಂಡೇಲಾಗೂ ಆಗ ಇದೇ ಅಭಿಪ್ರಾಯ. 1947ರಲ್ಲಿ ಜೂಮಾ ಅವರು ಇಲ್ಲಿನ ಭಾರತೀಯರ ಸಂಘಟನೆಯಾದ ಇಂಡಿಯನ್ ಕಾಂಗ್ರೆಸ್ಸಿನ (ನಮ್ಮೂರ ಕಾಂಗ್ರೆಸ್ ಅಲ್ಲ) ಡಾ. ದಾದೂ, ಡಾ. ನಾಯ್ಕರ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ರೂ ಹುಡುಗ್ರ ಮನಸ್ಸು ಬದಲಾಗೋಕೆ ಟೈಮ್ ಹಿಡೀತು, 1952ರಲ್ಲಿ ಒಟ್ಟಿಗೇ ಜೈಲಿಗೆ ಹೋದ್ಮೇಲೆ ಸರಿಹೋಯ್ತು. ಆದ್ರೂ ಒಪ್ಪದೇ ಇದ್ದೋರು 1959ರಲ್ಲಿ ಪಿಎಸಿ (ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್) ಅಂತ ಬೇರೆ ಪಾರ್ಟಿ ಮಾಡ್ಕೊಂಡ್ರು. ಹಾಗಾಗಿ ಆಫೀಸಲ್ಲಿ ಒಬ್ಬರು "ನಿಮ್ಮೋರೂ ನಮ್ಮ ಜೊತೆ ಹೋರಾಡಿದ್ರು" ಅಂತ ಕೈ ಕುಲುಕಿ, ಇನ್ನೊಬ್ಬರು "ಅಂಗಡಿ ಎಲ್ಲಾ ನಿಮ್ಮೋರದ್ದೇ" ಅಂತ ಚುಚ್ಚಿದ್ರೆ ಗಾಬರಿ ಆಗ್ಬೇಡಿ, ಎರಡೂ ಮಾತಿಗೂ ನಮ್ಮ ವಯಸ್ಸಿಗಿಂತ ಜಾಸ್ತಿ ವಯಸ್ಸಾಗಿದೆ.

1960ರಲ್ಲಿ ಎಎನ್‌ಸಿ ಬ್ಯಾನ್ ಆಯ್ತು, ಲೀಗೂ ಹೋಯ್ತು. ಮತ್ತೆ ಎದ್ದಿದ್ದು 90ರ ದಶಕದ ಶುರುವಲ್ಲಿ. ಎರಡನೇ ಸಲ ಅಧ್ಯಕ್ಷರನ್ನ ಇಳಿಸಿದ್ದು 2007ರ ಡಿಸೆಂಬರ್, ಪೊಲೊಕ್ವಾನೆ ಸಮ್ಮೇಳನ, ಆಗ ಲೀಗ್ ಗಟ್ಟಿಯಾಗಿ ಜೂಮಾ (ಇವರು ಜೇಕಬ್ ಜೂಮಾ, ಹಳೇ ಡಾಕ್ಟರ್ ಅಲ್ಲ, ಇಂಗ್ಲಿಷ್ ಸ್ಪೆಲ್ಲಿಂಗೂ ಬೇರೆ) ಪರ ನಿಂತಿತ್ತು, ಆಗಿನ ಅಧ್ಯಕ್ಷ ಥಾಬೊ ಎಂಬೆಕಿ ಸೋತ್ರು. ಆಮೇಲೆ ಲೀಗಿಗೆ ಅಧ್ಯಕ್ಷರಾಗಿ ಜೂಲಿಯಸ್ ಮಲೇಮಾ ಬಂದ್ರು, ಗಣಿಗಳನ್ನ ರಾಷ್ಟ್ರೀಕರಣ ಮಾಡಿ ಅಂತ ಗದ್ದಲ ಎಬ್ಬಿಸಿದ್ರು, ಹಿರಿಯರ ಜೊತೆ ಜಟಾಪಟಿ ಆಗಿ 2012ರಲ್ಲಿ ಪಾರ್ಟಿಯಿಂದಲೇ ಉಚ್ಚಾಟನೆ. ಅವರು ಮಾರನೇ ವರ್ಷ ಇಎಫ್‌ಎಫ್ (ಎಕನಾಮಿಕ್ ಫ್ರೀಡಂ ಫೈಟರ್ಸ್) ಅಂತ ಸ್ವಂತ ಪಾರ್ಟಿ ಶುರು ಮಾಡಿದ್ರು, ಇತ್ತ ಲೀಗಿನ ರಾಷ್ಟ್ರೀಯ ಸಮಿತಿಯನ್ನೇ ಎಎನ್‌ಸಿ ವಿಸರ್ಜನೆ ಮಾಡ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ. ರೋಡಲ್ಲಿ ಗುರುತು ಹಿಡಿಯೋಕೆ ಸುಲಭ: ಕೆಂಪು ಟೋಪಿ ಇದ್ರೆ ಇಎಫ್‌ಎಫ್, ಹಳದಿ ಟೀಶರ್ಟ್ ಇದ್ರೆ ಎಎನ್‌ಸಿ.

ಸಿಸ್ಟಮ್ ಹೇಗಂದ್ರೆ, 14ರಿಂದ 35 ವಯಸ್ಸಿನವರೆಗೆ ಮೆಂಬರ್ ಆಗ್ಬೋದು. ಹಾಗಾಗಿ ಗಡ್ಡ ಬಿಟ್ಟು ಇಬ್ಬರು ಮಕ್ಕಳಿರೋರೂ ಇಲ್ಲಿ ಯೂತೇ. ವಾರ್ಡ್ ಮಟ್ಟದಲ್ಲಿ ಬ್ರಾಂಚು, ಅದರ ಮೇಲೆ ರೀಜನ್, ಪ್ರಾವಿನ್ಸ್, ಕೊನೆಗೆ ನ್ಯಾಷನಲ್. ಲೀಗ್ ಅಧ್ಯಕ್ಷರಿಗೆ ದೊಡ್ಡವರ ಕಾರ್ಯಕಾರಿ ಸಮಿತಿಯಲ್ಲಿ ಹುದ್ದೆಯ ಲೆಕ್ಕದಲ್ಲೇ ಸೀಟು ಇರುತ್ತೆ. ಏಣಿ ಅಂದ್ರೆ ಇದೇ. ಉದಾಹರಣೆಗೆ ಮಲೂಸಿ ಗಿಗಾಬಾ 1996ರಿಂದ 2004ರವರೆಗೆ ಲೀಗ್ ಅಧ್ಯಕ್ಷರು, 2014ರಲ್ಲಿ ಹೋಮ್ ಅಫೇರ್ಸ್ ಮಂತ್ರಿ, ಅಂದ್ರೆ ನಮ್ಮ ವೀಸಾ ಖಾತೆ. ಮಕ್ಕಳನ್ನ ಕರ್ಕೊಂಡು ಬರೋರು ಅಪ್ಪ ಅಮ್ಮ ಇಬ್ಬರ ಹೆಸರೂ ಇರೋ ಬರ್ತ್ ಸರ್ಟಿಫಿಕೇಟ್ ತೋರಿಸ್ಬೇಕು ಅನ್ನೋ ರೂಲ್ 2015ರಲ್ಲಿ ಜಾರಿಗೆ ಬಂದಿದ್ದು ಅವರ ಕಾಲದಲ್ಲೇ. ಆಮೇಲೆ ಸಡಿಲ ಮಾಡಿದ್ರು, ಆದ್ರೂ ಅಪ್ಪ ಅಥವಾ ಅಮ್ಮ ಒಬ್ಬರೇ ಮಗು ಜೊತೆ ಬರೋದಾದ್ರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬ್ಯಾಗಲ್ಲಿ ಇಟ್ಕೊಳ್ಳಿ ಅಂತಲೇ ನಾನು ಹೇಳೋದು. ಈಗಿನ ಪಾರ್ಟಿ ಸೆಕ್ರೆಟರಿ ಜನರಲ್ ಫಿಕಿಲೆ ಎಂಬಲೂಲಾ ಕೂಡ ಹಳೇ ಲೀಗ್ ಅಧ್ಯಕ್ಷರೇ, ಪೊಲೊಕ್ವಾನೆ ಟೈಮಲ್ಲಿ ಇದ್ದೋರು.

2024ರ ಎಲೆಕ್ಷನ್ನಲ್ಲಿ ಎಎನ್‌ಸಿ ಸುಮಾರು 40%ಗೆ ಇಳೀತು, 1994ರ ನಂತರ ಮೊದಲ ಸಲ ಬಹುಮತ ಹೋಗಿ ಬೇರೆಯವರ ಜೊತೆ ಸೇರಿ ಸರ್ಕಾರ ಮಾಡಿದಾರೆ. ಏಣಿ ಹತ್ತೋರು ಜಾಸ್ತಿ, ಮೆಟ್ಟಿಲು ಕಮ್ಮಿ.

ಇನ್ನು ನಮಗೆ ಬೇಕಾಗಿರೋದು. ಮೆರವಣಿಗೆ ಬಂದ್ರೆ ಹಾಡ್ತಾ, ಕಾಲು ಎತ್ತೆತ್ತಿ ಕುಣಿತಾ ಬರ್ತಾರೆ, ಅದನ್ನ ಟೋಯಿ ಟೋಯಿ ಅಂತಾರೆ, ಮಧ್ಯೆ ಕಾರು ನುಗ್ಗಿಸೋಕೆ ಹೋಗ್ಬೇಡಿ, ಸೈಡಿಗೆ ಹಾಕಿ ಕಾಯಿರಿ. "ಅಮಾಂಡ್ಲಾ!" ಅಂತ ಒಬ್ಬ ಕೂಗ್ತಾನೆ, ಮಿಕ್ಕೋರು "ಅವೇತು!" ಅಂತಾರೆ, ಅಧಿಕಾರ ನಮ್ಮದು ಅಂತ ಅರ್ಥ. ಪಾರ್ಟಿ ಟೀಶರ್ಟ್ ಫ್ರೀ ಸಿಕ್ತು ಅಂತ ಹಾಕ್ಕೊಂಡು ಮಾಲ್‌ಗೆ ಹೋಗ್ಬೇಡಿ. ಪರ್ಮನೆಂಟ್ ರೆಸಿಡೆನ್ಸಿ ಸಿಕ್ಕಿದ್ರೂ ಇಲ್ಲಿ ಓಟಿಲ್ಲ, ಸಿಟಿಜನ್ ಆಗಿರಲೇಬೇಕು. ಜೂನ್ 16ರ ಯೂತ್ ಡೇ ರಜೆ ಲೀಗಿಂದಲ್ಲ, 1976ರಲ್ಲಿ ಆಫ್ರಿಕಾನ್ಸ್ ಭಾಷೇಲಿ ಪಾಠ ಬೇಡ ಅಂತ ಬೀದಿಗಿಳಿದು ಗುಂಡೇಟು ತಿಂದ ಸೊವೆಟೊ ಸ್ಕೂಲ್ ಮಕ್ಕಳದ್ದು.

ನಮ್ಮ ಕಾಂಪ್ಲೆಕ್ಸ್ ಗೇಟಲ್ಲಿರೋ ಸೆಕ್ಯುರಿಟಿಯವರ ಮಗ ಲೀಗಿನ ಬ್ರಾಂಚ್ ಮೆಂಬರ್. 33 ವರ್ಷ. ಹಳದಿ ಟೀಶರ್ಟ್ ಒಗೆದು ಒಗೆದು ಎದೆ ಮೇಲಿನ ಮುಖ ಯಾರದ್ದು ಅಂತಲೇ ಗೊತ್ತಾಗಲ್ಲ. ಒಂದು ಭಾನುವಾರ ಸಿವಿ ಪ್ರಿಂಟ್ ಮಾಡಿಕೊಡಿ ಅಂತ ಬಂದ, ಹನ್ನೆರಡು ಕಾಪಿ. ಓದಿದೆ: ಮೆಟ್ರಿಕ್ (ಇಲ್ಲಿ ಹನ್ನೆರಡನೇ ಕ್ಲಾಸು) ಪಾಸು, ಫೋರ್ಕ್‌ಲಿಫ್ಟ್ ಲೈಸೆನ್ಸು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬ್ರಾಂಚ್ ಡೆಪ್ಯುಟಿ ಸೆಕ್ರೆಟರಿ. ಕೆಲಸದ ಅನುಭವ ಅಂತ ಇದ್ದಿದ್ದು ಏಳು ತಿಂಗಳು. ಇಲ್ಲಿ ಕೆಲಸ ಹುಡುಕೋ 35ರ ಒಳಗಿನ ನೂರು ಜನದಲ್ಲಿ ನಲವತ್ತಕ್ಕೂ ಜಾಸ್ತಿ ಜನಕ್ಕೆ ಕೆಲಸ ಇಲ್ಲ.

"ಲೀಗಿಂದ ಏನಾದ್ರೂ ಆಗುತ್ತಾ?" ಅಂತ ಕೇಳಿದೆ. ನಕ್ಕ. "ಮಾಲುಮೆ, ಇನ್ನೂ ಎರಡು ವರ್ಷ ಟೈಮಿದೆ" ಅಂದ. ಮಾಲುಮೆ ಅಂದ್ರೆ ಅವರಲ್ಲಿ ಸೋದರಮಾವ.