ಆರ್‌ಡಿ 350ರ ಇನ್‌ಟೇಕ್ ಬೂಟ್: ಕೊನೆಗೂ ಗಾಳಿ ನಿಂತಿತು

ರಾಜದೂತ್ ಆರ್‌ಡಿ 350 ಎಂಬ ಹಳೆ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಬೈಕಿನಲ್ಲಿ ಕಾರ್ಬ್ಯುರೇಟರನ್ನು (ಕಾರ್ಬ್) ಇಂಜಿನಿಗೆ ಜೋಡಿಸುವ ರಬ್ಬರ್ ಕೊಳವೆಯೇ ಇನ್‌ಟೇಕ್ ಬೂಟ್. ಅದು ಬಿರುಕುಬಿಟ್ಟರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಬೇರೆ ಬೂಟನ್ನು ಮಧ್ಯ ಒಂದು ಅಲ್ಯೂಮಿನಿಯಂ ಪ್ಲೇಟ್ ಇಟ್ಟು ಕೂರಿಸಿ ಎರಡು ಮಳೆಗಾಲ ಕಳೆದವು, ಬೂಟ್ ಸುತ್ತ ಜಿಡ್ಡು ಕಂಡಿಲ್ಲ, ಐಡ್ಲಿಂಗ್ ತಾನಾಗಿ ಏರಿಲ್ಲ. ಆರ್‌ಡಿ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು. "ಮಧ್ಯ ಪ್ಲೇಟ್ ಹಾಕಿದ್ರೆ ಒಂದು ಜಾಯಿಂಟ್ ಇದ್ದದ್ದು ಎರಡಾಗತ್ತೆ, ಲೀಕೂ ಎರಡಾಗತ್ತೆ ಸಾರ್" ಅಂತ ನಮ್ಮ ಮೆಕ್ಯಾನಿಕ್ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಗೆಳೆಯರದ್ದೂ ಅದೇ ರಾಗ. ಈಗ ಆ ಗೆಳೆಯರಲ್ಲೇ ಇಬ್ಬರ ಗಾಡಿಗೆ ಇದೇ ಪ್ಲೇಟ್ ನಾನೇ ಕೂರಿಸಿಕೊಟ್ಟಿದ್ದೇನೆ.

ನನ್ನದು ಎಂಬತ್ತರ ದಶಕದ ಎಲ್‌ಟಿ, ಅಂದರೆ ಲೋ ಟಾರ್ಕ್ ಮಾಡೆಲ್. ಎಸ್ಕಾರ್ಟ್ಸ್‌ನವರು ಫರೀದಾಬಾದಿನಲ್ಲಿ 1983ರಲ್ಲಿ ಶುರುಮಾಡಿ ದಶಕದ ಕೊನೆಗೆಲ್ಲ ನಿಲ್ಲಿಸಿದ ಗಾಡಿ. ಹಾಗಾಗಿ "ಒರಿಜಿನಲ್, ಪ್ಯಾಕೆಟ್ ಒಡೆದಿಲ್ಲ" ಅಂತ ಯಾರಾದರೂ ಬೂಟ್ ಕೊಟ್ಟರೂ ಆ ರಬ್ಬರಿಗೆ ಮೂವತ್ತು ದಾಟಿ ಎಷ್ಟೋ ವರ್ಷ ಆಗಿರುತ್ತದೆ. ಅಂಥದ್ದೊಂದು ಜೊತೆಗೆ ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಮೂರೂವರೆ ಸಾವಿರ ಕೊಟ್ಟೆ. ನೋಡಲು ಕಪ್ಪಗೆ ಹೊಳೆಯುತ್ತಿತ್ತು. ಕ್ಲಿಪ್ ಬಿಗಿದ ವಾರದೊಳಗೆ ಕತ್ತಿನ ಹತ್ತಿರ ಕೂದಲೆಳೆಯ ಬಿರುಕು.

ಅದಕ್ಕೂ ಮೊದಲು ಜೆ.ಸಿ. ರಸ್ತೆಯ ಡೂಪ್ಲಿಕೇಟ್ ಹಾಕಿದ್ದೆ, ಒಂದಕ್ಕೆ ಏಳೆಂಟು ನೂರು. ಮೂರು ತಿಂಗಳಲ್ಲಿ ಮೆತ್ತಗಾಗಿ ಊದಿಕೊಂಡು ಕಾರ್ಬ್ ಜೋತುಬಿತ್ತು. ಹೊರದೇಶದಿಂದ ಒಂದು ಜೊತೆ ತರಿಸಿದೆ. ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಹತ್ತಿರ ಹತ್ತು ಸಾವಿರ. ಬಂದದ್ದು ಬೇರೆ ಮಾಡೆಲಿನದು, ಬೋಲ್ಟ್ ತೂತು ಕೂರಲೇ ಇಲ್ಲ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಅದು ಇವತ್ತಿಗೂ ನನ್ನ ಕಪಾಟಿನಲ್ಲಿದೆ.

ನಡುವೆ ಮಾಡಿದ ಪ್ರಯೋಗಗಳೂ ಇವೆ. ಗಟ್ಟಿಯಾದ ಹಳೆ ಬೂಟನ್ನು ವಿಂಟರ್‌ಗ್ರೀನ್ ಎಣ್ಣೆ, ಕ್ಸೈಲೀನ್ ಬೆರೆಸಿದ್ದರಲ್ಲಿ ನೆನೆಹಾಕಿದೆ. ರಬ್ಬರ್ ಮೆತ್ತಗಾಗುವುದು ನಿಜ, ಆದರೆ ಇದ್ದ ಬಿರುಕು ಕೂಡಿಕೊಳ್ಳುವುದಿಲ್ಲ. ಬಿರುಕಿಲ್ಲದ, ಬರೀ ಬಿರುಸಾದ ಏರ್‌ಬಾಕ್ಸ್ ರಬ್ಬರಿಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಬಣ್ಣಬಣ್ಣದ ಸಿಲಿಕೋನ್ ಹೋಸ್ ಹಾಕಿ ಅಂತ ಹಲವರು ಹೇಳಿದರು. ಹಾಕುವ ಮೊದಲು ಸಿಲಿಕೋನ್, ಟ್ಯೂಬ್ ರಬ್ಬರ್, ನೈಟ್ರೈಲ್, ವಿಟಾನ್ ತುಂಡುಗಳನ್ನು ಬೇರೆಬೇರೆ ಗಾಜಿನ ಬಾಟಲಿಯಲ್ಲಿ ಬಂಕಿನ ಪೆಟ್ರೋಲ್ ಹಾಕಿ ಮುಚ್ಚಿಟ್ಟೆ. ಟ್ಯೂಬ್ ರಬ್ಬರ್ ಮಾರನೇ ದಿನಕ್ಕೇ ಉಬ್ಬಿತ್ತು, ಸಿಲಿಕೋನೂ ಉಬ್ಬಿತು. ನೈಟ್ರೈಲ್ ಸ್ವಲ್ಪ, ವಿಟಾನ್ ಇದ್ದ ಹಾಗೇ ಇತ್ತು. ಸಿಲಿಕೋನ್ ಹೋಸ್ ನೀರಿಗೆ, ಬರೀ ಗಾಳಿಗೆ ಸರಿ. ಕಾರ್ಬಿನಿಂದಾಚೆ ಪೆಟ್ರೋಲ್ ಮುಟ್ಟುವ ಜಾಗಕ್ಕೆ ದಯವಿಟ್ಟು ಬೇಡ, ಅದರಲ್ಲೂ ಈಗಿನ ಎಥನಾಲ್ ಬೆರೆತ ಪೆಟ್ರೋಲಿಗೆ.

ದಾರಿ ಸಿಕ್ಕಿದ್ದು ಆರ್‌ಡಿಯದೇ ಬೂಟ್ ಹುಡುಕುವುದನ್ನು ಬಿಟ್ಟಮೇಲೆ. ಮೂಲ ಬೂಟು ಎರಡು ಕೆಲಸ ಮಾಡುತ್ತದೆ: ರೀಡ್ ಬ್ಲಾಕಿನ (ಗಾಳಿಯನ್ನು ಇಂಜಿನ್ ಒಳಕ್ಕೆ ಮಾತ್ರ ಬಿಡುವ ಕವಾಟದ) ಮೇಲೆ ನಾಲ್ಕು ಬೋಲ್ಟಿಗೆ ಕೂರುವುದು, ಕಾರ್ಬಿನ ಕತ್ತು ಹಿಡಿಯುವುದು. ನಮಗೆ ಸಿಗದಿರುವುದು ಮೊದಲನೆಯದಕ್ಕೆ ಒಪ್ಪುವ ಚೌಕದ ಬುಡ ಮಾತ್ರ. ಮಿಕುನಿ 28 ಕಾರ್ಬಿನ ಕತ್ತಿಗೆ ಹೊಂದುವ ಎರಡು ಬೋಲ್ಟಿನ ನೈಟ್ರೈಲ್ ಫ್ಲೇಂಜ್ (ಬುಡ ಬೇರೆಯಿರುವ ಇನ್ನೊಂದು ಬಗೆಯ ಬೂಟ್) ಹೊಸದಾಗಿಯೇ ಸಿಗುತ್ತದೆ. ನನಗೆ ಒಂದಕ್ಕೆ ಸಾವಿರದ ನಾನೂರೋ ಐನೂರೋ ಬಿತ್ತು. ತರಿಸುವ ಮುಂಚೆ ನಿಮ್ಮ ಕಾರ್ಬಿನ ಕತ್ತನ್ನು ವರ್ನಿಯರಿನಲ್ಲಿ ಅಳೆಯಿರಿ. ನಮ್ಮಲ್ಲಿ ಮೂಲ ಕಾರ್ಬ್ ಉಳಿದಿರುವ ಗಾಡಿಗಳೇ ಕಡಿಮೆ.

ಎರಡರ ಮಧ್ಯೆ ಅಲ್ಯೂಮಿನಿಯಂ ಪ್ಲೇಟ್, ಸುಮಾರು ಹತ್ತು ಮಿ.ಮೀ. ದಪ್ಪ. ಪೀಣ್ಯದಲ್ಲಿ ಕೆಲಸ ಗೊತ್ತಿರುವ ಒಬ್ಬರು ಒಂದಕ್ಕೆ ಆರುನೂರಕ್ಕೆ ಮಾಡಿಕೊಟ್ಟರು. ನಾಲ್ಕು ಬೋಲ್ಟ್ ತಲೆಯೂ ಪ್ಲೇಟಿನೊಳಗೆ ಮುಳುಗಬೇಕು, ಇಲ್ಲವಾದರೆ ಫ್ಲೇಂಜ್ ಅವುಗಳ ಮೇಲೆ ಎತ್ತಿಕೊಂಡು ಕೂರುತ್ತದೆ. ಎರಡೂ ಮುಖವನ್ನು ದಪ್ಪ ಗಾಜಿನ ಮೇಲೆ 400ರ ಎಮರಿ ಹಾಳೆ ಅಂಟಿಸಿ ಕೈಯಲ್ಲೇ ಉಜ್ಜಿದೆ, ಒಂದೊಂದಕ್ಕೆ ಅರ್ಧ ಗಂಟೆಯಾದರೂ ಹಿಡಿಯಿತು. ಮೆಕ್ಯಾನಿಕ್ ಹೆದರಿದ ಆ ಎರಡನೇ ಜಾಯಿಂಟ್ ಲೀಕ್ ಆಗದಿರುವುದು ಈ ಉಜ್ಜುವಿಕೆಯಿಂದಲೇ. ಪ್ಲೇಟಿನ ಒಳಗೆ ದುಂಡು ತೂತು ರೀಡಿನ ಆಯತಕ್ಕೆ ಹೊಂದುವಂತೆ ಕೊಟ್ಟ ಇಳಿಜಾರು, ಪ್ಯಾಕಿಂಗಿಗೆ ಸವರಿದ ಮದ್ದು, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಗಾಡಿ ತಂದವರಿಗೆ ತೋರಿಸುತ್ತೇನೆ.

ಕಾರ್ಬ್ ಐದಾರು ಮಿ.ಮೀ. ಹಿಂದೆ ಬಂತು. ಏರ್‌ಬಾಕ್ಸ್ ರಬ್ಬರ್ ಒತ್ತಿಕೊಂಡು ಕೂತಿತು, ಕೇಬಲ್ ಮತ್ತೆ ಹೊಂದಿಸಬೇಕಾಯಿತು. ನನ್ನದು ಪ್ರೀಮಿಕ್ಸ್, ಅಂದರೆ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುವುದು. ಆಯಿಲ್ ಪಂಪ್ ಇಟ್ಟುಕೊಂಡವರು ಪೈಪಿನ ದಾರಿ ಮೊದಲೇ ನೋಡಿಕೊಳ್ಳಿ.

ಪರೀಕ್ಷೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ತುಂಬ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಎಕ್ಸಾಸ್ಟ್ ಕಡೆಯಿಂದ ಗಾಳಿ ಹೊಡೆದರೆ ರೀಡ್ ಮುಚ್ಚಿಕೊಳ್ಳುತ್ತದೆ, ಬೂಟಿಗೆ ಗಾಳಿ ತಲುಪುವುದೇ ಇಲ್ಲ, ಬೂಟ್ ಹರಿದಿದ್ದರೂ ಪಾಸ್. ಗಾಳಿ ಬೂಟಿನ ಬಾಯಿಂದಲೇ ಹೋಗಬೇಕು. ಎರಡು ಸಿಲಿಂಡರಿನ ಮಧ್ಯದ ಲ್ಯಾಬ್ರಿಂತ್ ಸೀಲ್ ಒಂದು ಕಡೆಯಿಂದ ಇನ್ನೊಂದಕ್ಕೆ ಗಾಳಿ ಬಿಡುವುದರಿಂದ ಎರಡೂ ಎಕ್ಸಾಸ್ಟ್ ಮುಚ್ಚಿರಬೇಕು. ನಾನು ಬಳಸಿದ್ದು ಬಿ.ಪಿ. ನೋಡುವ ಪಂಪ್ ಮತ್ತು ಗೇಜ್. 250ಕ್ಕೆ ಏರಿಸಿದರೆ ಐದು ಪಿಎಸ್‌ಐ ಹತ್ತಿರ ಆಗುತ್ತದೆ, ಸಾಕು. ಟಿ ಆಕಾರದ ಕೊಳವೆ ಹಾಕಿ ಎರಡೂ ಬೂಟಿಗೆ ಒಟ್ಟಿಗೆ ಕೊಟ್ಟು ಸೋಪಿನ ನೊರೆ ಸವರಿದೆ. ಏಳೆಂಟು ನಿಮಿಷವಾದರೂ ಮುಳ್ಳು ಹೆಚ್ಚು ಕದಲಲಿಲ್ಲ. ಹಳೆ ಬೂಟಿನಲ್ಲಿ ಅದು ನೋಡನೋಡುತ್ತಲೇ ಸೊನ್ನೆಗೆ ಬೀಳುತ್ತಿತ್ತು.

ಲೀಕ್ ಮುಚ್ಚಿದ ಮೇಲೆ ಗಾಡಿ ಹೊಗೆ ಹೆಚ್ಚಿಸಿತು, ಎಳೆತ ಭಾರವಾಯಿತು. ಕಾರಣ ಸರಳ: ಲೀಕಿನ ಗಾಳಿಗೆ ಪೆಟ್ರೋಲ್ ಸಾಲದೆ ಬಿಳಿಚಿದ ಪ್ಲಗ್ ನೋಡಿ ಹಿಂದಿನ ಮಾಲೀಕರು ದೊಡ್ಡ ಮೇನ್ ಜೆಟ್ (ಕಾರ್ಬಿನಲ್ಲಿ ಪೆಟ್ರೋಲ್ ಬಿಡುವ ತೂತಿನ ತುಣುಕು) ಹಾಕಿಸಿದ್ದರು. ಎರಡು ಸೈಜ್ ಇಳಿಸಿ, ಕುಣಿಗಲ್ ದಾಟಿ ಹಾಸನದ ರಸ್ತೆಯಲ್ಲಿ ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆರಿಸಿ ಪ್ಲಗ್ ಬಿಚ್ಚಿದೆ. ಎಡ, ಬಲ ಎರಡೂ ಒಂದೇ ಕಂದು ಬಣ್ಣ. ಈ ಗಾಡಿಯಲ್ಲಿ ಎರಡೂ ಪ್ಲಗ್ ಒಂದೇ ಬಣ್ಣದಲ್ಲಿ ನಾನು ನೋಡಿದ್ದು ಅದೇ ಮೊದಲು.

ಫ್ಲೇಂಜ್, ಪ್ಲೇಟ್, ಬೋಲ್ಟ್, ಕ್ಲಿಪ್ ಎಲ್ಲ ಸೇರಿ ನಾಲ್ಕೂವರೆ ಸಾವಿರದ ಆಸುಪಾಸು. ಮೊದಲ ಇನ್ನೂರು ಕಿ.ಮೀ. ಆದಮೇಲೆ ಇಂಜಿನ್ ತಣ್ಣಗಿದ್ದಾಗ ಕ್ಲಿಪ್ ಇನ್ನೊಂದು ಸುತ್ತು ನೋಡಿ. ಅತಿಯಾಗಿ ಬಿಗಿದರೆ ಹೊಸ ರಬ್ಬರೂ ಕತ್ತಿನಲ್ಲೇ ಸೀಳುತ್ತದೆ. ಮುಂದೆ ಸಿಗುವುದು ಕಷ್ಟವಾದೀತೆಂದು ನಾನು ಇನ್ನೊಂದು ಜೊತೆ ಫ್ಲೇಂಜ್ ತರಿಸಿ ಬಿಸಿಲು ಬೀಳದ ಕಡೆ ಇಟ್ಟಿದ್ದೇನೆ.