ತಾಲೂಕು ಮಟ್ಟದ ಜಾವೆಲಿನ್ ರಿಸಲ್ಟ್ ಬಂತು, ಮುಂದೇನು ಮಾಡಬೇಕು?

ಶಾಲಾ ಕ್ರೀಡಾಕೂಟ ಮುಗಿದ ಸಂಜೆ ನಮ್ಮ ಕಲಬುರಗಿ ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಥರದ ಸುದ್ದಿ ಓಡಾಡುತ್ತದೆ. ಯಾರು ಫಸ್ಟ್, ಯಾರು ಸೆಕೆಂಡ್, ಎಷ್ಟು ಮೀಟರ್. ಕೊರಳಲ್ಲಿ ಪದಕ, ಪಕ್ಕದಲ್ಲಿ ಪಿಇ ಸರ್, ಒಂದು ಫೋಟೋ. ಅಲ್ಲಿಗೆ ಮುಗಿಯಿತು. ಆದರೆ ಜಾವೆಲಿನ್ ಎಸೆಯುವ ಹುಡುಗ, ಹುಡುಗಿಯನ್ನು ಬೆಳೆಸಬೇಕು ಅಂತಿದ್ದರೆ ಆ ಒಂದು ಅಂಕಿ ಸಾಲದು. ಪೂರ್ತಿ ಹಾಳೆ ಬೇಕು. ಪ್ರತಿ ಎಸೆತದ ದೂರ, ಯಾವುದು ಫೌಲ್ (ನಿಯಮ ತಪ್ಪಿ ಲೆಕ್ಕಕ್ಕೆ ಬಾರದ ಎಸೆತ), ಯಾಕೆ ಫೌಲ್, ಎಷ್ಟು ಗ್ರಾಂ ಜಾವೆಲಿನ್, ಇಷ್ಟು ಗೊತ್ತಾದರೆ ಮುಂದಿನ ಆರು ತಿಂಗಳು ಏನು ಕಲಿಸಬೇಕು ಅನ್ನುವುದು ಅಲ್ಲೇ ಕಾಣುತ್ತದೆ. ಹಾಗಾಗಿ ಸ್ಪರ್ಧೆ ಮುಗಿದ ಕೂಡಲೇ ಟೇಬಲ್ ಹತ್ತಿರ ಹೋಗಿ, ದೂರ ಬರೆದುಕೊಂಡವರನ್ನು ಕೇಳಿ, ಆ ಹಾಳೆಯ ಫೋಟೋ ತೆಗೆದುಕೊಳ್ಳಿ. ಎರಡು ದಿನ ಬಿಟ್ಟು ಕೇಳಿದರೆ ಹಾಳೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರುವುದಿಲ್ಲ.

ಹಾಳೆ ಓದುವುದು ಹೇಗೆ

2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ತೆಗೆದುಕೊಳ್ಳಿ. ನಮಗೆಲ್ಲ ನೆನಪಿರುವುದು ಇಷ್ಟೇ: ಅರ್ಷದ್ ನದೀಮ್ 92.97 ಮೀಟರ್, ನೀರಜ್ ಚೋಪ್ರಾ 89.45, ಆ್ಯಂಡರ್ಸನ್ ಪೀಟರ್ಸ್ 88.54. ಪೂರ್ತಿ ಹಾಳೆ ನೋಡಿದರೆ ನೀರಜ್ ಅವರ ಆರು ಎಸೆತಗಳಲ್ಲಿ ಐದು ಫೌಲ್. ಉಳಿದದ್ದು ಎರಡನೆಯದು ಒಂದೇ, ಅದಕ್ಕೇ ಬೆಳ್ಳಿ ಬಂತು. ಅರ್ಷದ್ ಅವರದೂ ಮೊದಲನೆಯದು ಫೌಲ್. ಆದರೆ ಎರಡನೆಯದು 92.97 ಆದ ಮೇಲೆ ಕೊನೆಯದನ್ನೂ 91.79ಕ್ಕೆ ಹಾಕಿದರು. ಇನ್ನು 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನೀರಜ್ ಚಿನ್ನ ಗೆದ್ದದ್ದು 87.58ಕ್ಕೆ, 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದದ್ದು 88.17ಕ್ಕೆ. ಮೂರೂ ಫೈನಲ್‌ಗಳಲ್ಲಿ ಅವರ ದೊಡ್ಡ ಎಸೆತ ಎರಡನೇ ಸಲಕ್ಕೇ ಬಂದಿದೆ. ಆ ಫೈನಲ್‌ಗಳಲ್ಲಿ ಮೂರು ಎಸೆತ ಆದ ಮೇಲೆ ಮೊದಲ ಎಂಟು ಜನರಿಗೆ ಮಾತ್ರ ಮುಂದಿನ ಅವಕಾಶ ಇತ್ತು. ನಮ್ಮ ತಾಲೂಕು ಮಟ್ಟದಲ್ಲಿ ಎಷ್ಟೋ ಕಡೆ ಮೂರೇ ಎಸೆತ ಕೊಟ್ಟು ಮುಗಿಸುತ್ತಾರೆ. 'ಕೊನೆಗೆ ನೋಡೋಣ' ಅಂತ ಶಕ್ತಿ ಉಳಿಸಿಕೊಳ್ಳುವ ಮಗುವಿಗೆ ಆ ಕೊನೆ ಬರುವುದೇ ಇಲ್ಲ.

ಈಗ ನಿಮ್ಮ ಹುಡುಗನ ಹಾಳೆಗೆ ಬನ್ನಿ. 31.40, 31.10, 30.90 ಅಂತ ಇದೆ ಅಂದುಕೊಳ್ಳಿ. ಎಸೆಯುವ ರೀತಿ ಕೂತಿದೆ, ಇನ್ನು ಬೇಕಾಗಿರುವುದು ವೇಗ ಮತ್ತು ಬಲ. 35.20, ಫೌಲ್, ಫೌಲ್ ಅಂತ ಇದ್ದರೆ ಬಲ ಇದೆ, ಹಿಡಿತ ಇಲ್ಲ. ಈ ಹುಡುಗನಿಗೆ ಇನ್ನಷ್ಟು ಜಿಮ್ ಮಾಡಿಸಿದರೆ ಫೌಲ್ ಇನ್ನಷ್ಟು ದೂರ ಹೋಗುತ್ತದೆ, ಅಷ್ಟೇ. 26, 29, 33 ಅಂತ ಏರುತ್ತಾ ಹೋಗಿದ್ದರೆ ಮೈ ಬಿಸಿಯಾಗದೆ ಎಸೆದಿದ್ದಾನೆ. ಇದು ನಮ್ಮಲ್ಲಿ ತುಂಬಾ ಜಾಸ್ತಿ. ಬೆಳಿಗ್ಗೆ ಎಂಟಕ್ಕೆ ಕರೆಸಿ, ಮಧ್ಯಾಹ್ನ ಎರಡಕ್ಕೆ ಹೆಸರು ಕೂಗುತ್ತಾರೆ. ಅಲ್ಲಿಯವರೆಗೆ ಮಗು ಬಿಸಿಲಲ್ಲಿ ಕೂತಿರುತ್ತದೆ, ಎದ್ದು ಬಂದು ಸೀದಾ ಎಸೆಯುತ್ತದೆ. ನೆರಳಲ್ಲಿ ಕೂರಿಸಿ, ನೀರು ಕೊಡಿ, ತನ್ನ ಸರದಿಗೆ ಇಪ್ಪತ್ತು ನಿಮಿಷ ಮೊದಲು ನಿಧಾನ ಓಟ, ಭುಜ ತಿರುಗಿಸುವುದು, ಚಿಕ್ಕ ಚಿಕ್ಕ ಎಸೆತ ಮಾಡಿಸಿ. ಇಷ್ಟರಿಂದಲೇ ಮೊದಲ ಎಸೆತ ಸುಧಾರಿಸುತ್ತದೆ.

ಫೌಲ್ ಅಂದರೆ ಬರೀ ಒಂದು ಗುರುತು ಅಂತ ಬಿಡಬೇಡಿ. ಕೆಂಪು ಬಾವುಟ ಎತ್ತಿದ ಅಧಿಕಾರಿಯನ್ನು ಗೌರವದಿಂದ 'ಸರ್, ಏನಾಯಿತು?' ಅಂತ ಕೇಳಿ. ಆರ್ಕ್, ಅಂದರೆ ಓಟದ ಪಟ್ಟಿಯ ತುದಿಯಲ್ಲಿರುವ ಬಿಲ್ಲಿನಂಥ ಗೆರೆ ತುಳಿದಿದ್ದರೆ ಓಟದ ಅಳತೆ ತಪ್ಪಿದೆ. ಎಸೆದ ಮೇಲೆ ಮೈ ನಿಲ್ಲಿಸಲು ಒಂದೂವರೆಯಿಂದ ಎರಡು ಮೀಟರ್ ಜಾಗ ಬೇಕು, ಓಟ ಶುರು ಮಾಡುವ ಗುರುತನ್ನು ಅಷ್ಟು ಹಿಂದಕ್ಕೆ ತೆಗೆದುಕೊಳ್ಳಬೇಕು. ಜಾವೆಲಿನ್‌ನ ಲೋಹದ ತಲೆಗಿಂತ ಮೊದಲು ಬಾಲ ಅಥವಾ ಹೊಟ್ಟೆ ನೆಲಕ್ಕೆ ಬಿದ್ದಿದ್ದರೆ, ಬಿಡುವಾಗ ಮೂತಿ ಮೇಲಕ್ಕೆ ಎದ್ದಿದೆ, ಅಂದರೆ ಕೈ ಜಾವೆಲಿನ್‌ನ ಉದ್ದಕ್ಕೆ ನೇರವಾಗಿ ಎಳೆದಿಲ್ಲ. ಬಲಗೈ ಹುಡುಗನದು ಎಡಗಡೆ ಸೆಕ್ಟರ್ (ಜಾವೆಲಿನ್ ಬೀಳಬೇಕಾದ, ಎರಡು ಗೆರೆಗಳ ನಡುವಿನ ಜಾಗ) ಬಿಟ್ಟು ಹೋಗಿದ್ದರೆ, ಎಸೆಯುವಾಗ ತಲೆ, ಭುಜ ಎಡಕ್ಕೆ ಬಿದ್ದಿರುತ್ತವೆ. ಮೂರಕ್ಕೂ ಔಷಧ ಬೇರೆ ಬೇರೆ.

ತೂಕ ಬರೆದುಕೊಳ್ಳದೆ ದೂರ ಹೋಲಿಸುವುದಂತೂ ಸುಮ್ನೆ. ಗಂಡಸರ ಜಾವೆಲಿನ್ 800 ಗ್ರಾಂ, ಹೆಂಗಸರದು 600. ಅಂತರರಾಷ್ಟ್ರೀಯ ನಿಯಮದಲ್ಲಿ 18ರ ಒಳಗಿನ ಹುಡುಗರಿಗೆ 700, ಹುಡುಗಿಯರಿಗೆ 500. ನಮ್ಮ ಶಾಲಾ ಕೂಟಗಳ ಬೇರೆ ವಯೋಮಿತಿಗಳಿಗೆ ಆ ವರ್ಷದ ಸುತ್ತೋಲೆ ನೋಡಿಕೊಳ್ಳಿ. 700ರಲ್ಲಿ 45 ಮೀಟರ್ ಹಾಕಿದ ಹುಡುಗ ಮುಂದಿನ ವರ್ಷ 800ರಲ್ಲಿ 42 ಹಾಕಿದರೆ ಹಿಂದೆ ಬಿದ್ದಿದ್ದಾನೆ ಅಂತ ಬೈಯಬೇಡಿ. ಹಳೆಯ ದಾಖಲೆಗಳಿಗೂ ಇದೇ ಮಾತು. 1984ರಲ್ಲಿ ಉವೆ ಹಾನ್ 104.80 ಮೀಟರ್ ಎಸೆದಿದ್ದರು, ಆದರೆ ಈಗಿನ ವಿಶ್ವದಾಖಲೆ ಯಾನ್ ಝೆಲೆಜ್ನಿ 1996ರಲ್ಲಿ ಎಸೆದ 98.48. ಯಾಕೆಂದರೆ 1986ರಲ್ಲಿ ಗಂಡಸರ ಜಾವೆಲಿನ್‌ನ ತೂಕದ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಕೆಳಗಿಳಿಯತೊಡಗಿತು, ದೂರ ಕಡಿಮೆಯಾಯಿತು.

ಮೈದಾನದಲ್ಲಿ ಸರಿಯಾಗಿ ಅಳೆಯಿರಿ

ಪ್ರಾಕ್ಟೀಸಿನಲ್ಲಿ 40, ಕೂಟದಲ್ಲಿ 36. ಈ ದೂರು ಬಂದಾಗ ನನಗೆ ಮೊದಲು ಅನುಮಾನ ಬರುವುದು ಟೇಪಿನ ಮೇಲೆ. ಹುಡುಗ ನಿಂತ ಜಾಗದಿಂದ ಅಳೆದಿರುತ್ತಾರೆ, ಇಲ್ಲವೇ ಹೆಜ್ಜೆ ಹಾಕಿ ಲೆಕ್ಕ ಮಾಡಿರುತ್ತಾರೆ. ಸುಣ್ಣದ ಪುಡಿ ಮತ್ತು ಹಗ್ಗ ಇದ್ದರೆ ಯಾವ ಹಳ್ಳಿ ಶಾಲೆಯಲ್ಲೂ ಸರಿಯಾದ ಸೆಕ್ಟರ್ ಹಾಕಬಹುದು. 4 ಮೀಟರ್ ಅಗಲದ ಓಟದ ಪಟ್ಟಿ ಎಳೆಯಿರಿ. ಅದರ ನಡುವೆ ಒಂದು ಗೂಟ ಹೊಡೆದು, ಅದಕ್ಕೆ 8 ಮೀಟರ್ ಹಗ್ಗ ಕಟ್ಟಿ ಮುಂದೆ ಬಿಲ್ಲಿನ ಹಾಗೆ ಗೆರೆ ಎಳೆದರೆ ಆರ್ಕ್ ಆಯಿತು. ಅದೇ ಗೂಟದಿಂದ 20 ಮೀಟರ್ ದೂರದಲ್ಲಿ ಎಡಕ್ಕೊಂದು ಬಲಕ್ಕೊಂದು ಗುರುತು ಹಾಕಿ, ಎರಡರ ನಡುವೆ ಸರಿಯಾಗಿ 10 ಮೀಟರ್ ಇರಲಿ. ಗೂಟದಿಂದ ಆ ಗುರುತುಗಳ ಮೂಲಕ ಗೆರೆ ಉದ್ದ ಎಳೆದರೆ ನಿಯಮದ 28.96 ಡಿಗ್ರಿ ಸೆಕ್ಟರ್ ಸಿಕ್ಕಿತು. ಅಳೆಯುವಾಗ ಟೇಪಿನ ಸೊನ್ನೆ ಜಾವೆಲಿನ್ ತಲೆ ಮೊದಲು ತಾಗಿದ ಜಾಗದಲ್ಲಿ, ಇನ್ನೊಂದು ತುದಿ ಗೂಟದ ಮೇಲೆ. ಓದುವುದು ಆರ್ಕ್ ಗೆರೆಯ ಒಳ ಅಂಚಿನಲ್ಲಿ.

ಜಾಗ ಆರಿಸುವಾಗ ನಮ್ಮ ಮಣ್ಣು ನೆನಪಿರಲಿ. ಮಳೆಗಾಲದಲ್ಲಿ ಎರೆಮಣ್ಣು ಬೂಟಿಗೆ ಮೆತ್ತಿ ಕಾಲು ಜಾರುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದ ಸಿಕ್ಕಿಕೊಳ್ಳುತ್ತದೆ. ಓಟದ ಪಟ್ಟಿಗೆ ಮುರುಮ್ ಹಾಕಿ ಒತ್ತಿಸಿದ ನೆಲವೇ ಬೇಕು. ತೊಗರಿ ಕೊಯ್ದ ಹೊಲ ಖಾಲಿ ಇದೆ ಅಂತ ಮಕ್ಕಳನ್ನು ಅಲ್ಲಿ ಓಡಿಸಬೇಡಿ, ಕೂಳೆ ಪಾದಕ್ಕೆ ಹೊಕ್ಕರೆ ಆ ಸೀಸನ್ ಮುಗಿದಂತೆ. ಮನೆಯ ಶಹಾಬಾದ್ ಪರಸಿ ಮೇಲೆ ಜಿಗಿಯುವ ವ್ಯಾಯಾಮವೂ ಬೇಡ, ಮೊಣಕಾಲಿಗೆ ಪೆಟ್ಟು. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರು ನಮ್ಮದು. ಬೆಳಿಗ್ಗೆ ಆರರಿಂದ ಎಂಟರೊಳಗೆ ಮುಗಿಸಿ.

ಸುರಕ್ಷತೆಯ ವಿಷಯದಲ್ಲಿ ನಾನು ಹಟಮಾರಿ. ಎಸೆಯುವವರ ಹಿಂದೆಯೇ ಎಲ್ಲರೂ ನಿಲ್ಲಬೇಕು. ಎಲ್ಲರೂ ಎಸೆದ ಮೇಲೆ ಒಟ್ಟಿಗೆ, ನಡೆದುಕೊಂಡು ಹೋಗಿ ತರಬೇಕು. ಜಾವೆಲಿನ್ ಕಡೆಗೆ ಓಡಿದರೆ ನೆಲದಿಂದ ಎದ್ದಿರುವ ಬಾಲ ಕಣ್ಣಿಗೆ, ಕೊರಳಿಗೆ ಚುಚ್ಚಬಹುದು. ತರುವಾಗ ಮೂತಿ ಕೆಳಗೆ, ನೆಟ್ಟಗೆ ಹಿಡಿಯಬೇಕು. ಎಸೆದು ವಾಪಸ್ ಕೊಡುವುದು ಯಾವತ್ತೂ ಇಲ್ಲ.

ಯಾರನ್ನು ಆರಿಸಬೇಕು, ಎಲ್ಲಿಂದ ಶುರು ಮಾಡಬೇಕು

ಎತ್ತರ, ದಪ್ಪ ನೋಡಿ ಆರಿಸುವ ಅಭ್ಯಾಸ ಬಿಡಬೇಕು. ಕ್ರಿಕೆಟ್‌ನಲ್ಲಿ ಬೌಂಡರಿಯಿಂದ ಸೀದಾ ಕೀಪರ್ ಕೈಗೆ ಚೆಂಡು ಹಾಕುವವರನ್ನು ನೋಡಿ. ಅರ್ಷದ್ ನದೀಮ್ ಕೂಡ ಮೊದಲು ಕ್ರಿಕೆಟ್ ಆಡಿದವರು. ಉತ್ತರ ಪ್ರದೇಶದ ಹಳ್ಳಿಯ ಅನ್ನು ರಾಣಿ ಹೊಲದಲ್ಲಿ ಕಬ್ಬಿನ ಜಲ್ಲೆ ಎಸೆಯುತ್ತಾ ಶುರು ಮಾಡಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 62.92 ಮೀಟರ್ ಹಾಕಿ ಚಿನ್ನ ಗೆದ್ದರು. ನಮ್ಮ ಕಡೆ ಜೋಳದ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವ ಮಕ್ಕಳಿದ್ದಾರೆ, ಭುಜ ಒಳ್ಳೆಯದಿರುತ್ತದೆ. ಆದರೆ ಅವರಿಗೆ ಪಕ್ಕದಿಂದ ಬೀಸುವ ರೂಢಿ ಇರುತ್ತದೆ. ಜಾವೆಲಿನ್ ಭುಜದ ಮೇಲಿಂದಲೇ ಹೋಗಬೇಕು, ಬೀಸಿ ಎಸೆದರೆ ನಿಯಮಕ್ಕೂ ವಿರುದ್ಧ, ಮೊಣಕೈಗೂ ಅಪಾಯ. ಮೊದಲ ತಿಂಗಳು ಅದನ್ನೇ ತಿದ್ದಿ.

ಹನ್ನೊಂದರಿಂದ ಹದಿಮೂರು ವಯಸ್ಸಿನವರಿಗೆ ಪೂರ್ತಿ ಜಾವೆಲಿನ್ ಬೇಕೇ ಬೇಕು ಅಂತಿಲ್ಲ. ಚೆಂಡು, ಹಗುರ ಬಿದಿರಿನ ಕೋಲು, ಸಿಕ್ಕರೆ ಟರ್ಬೋಜಾವ್ ಅನ್ನುವ 300 ಅಥವಾ 400 ಗ್ರಾಂನ ಮಕ್ಕಳ ಪ್ಲಾಸ್ಟಿಕ್ ಜಾವೆಲಿನ್ ಸಾಕು. ಜೊತೆಗೆ ಓಟ, ಲಾಂಗ್ ಜಂಪ್, ಹರ್ಡಲ್ಸ್, ಖೋ ಖೋ ಎಲ್ಲ ಆಡಲಿ. ಇದೇ ವಯಸ್ಸಿನಲ್ಲಿ ದೊಡ್ಡವರ 800 ಗ್ರಾಂ ಕೊಟ್ಟು 'ಬಲ ಬರಲಿ' ಅನ್ನುವವರಿದ್ದಾರೆ. ಬಲ ಬರುವ ಮೊದಲು ಮೊಣಕೈ ಹೋಗುತ್ತದೆ. ಬೆಳೆಯುವ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ, ಮೊಣಕೈ ಒಳಬದಿ ಮತ್ತು ಸೊಂಟ ಎರಡೂ ಜಾವೆಲಿನ್‌ನಲ್ಲಿ ಮೊದಲು ಏಟು ತಿನ್ನುವ ಜಾಗ. 2016ರಲ್ಲಿ 86.48 ಮೀಟರ್ ಹಾಕಿ ಜೂನಿಯರ್ ವಿಶ್ವದಾಖಲೆ ಮಾಡಿದ ನೀರಜ್‌ಗೇ 2019ರಲ್ಲಿ ಮೊಣಕೈ ಆಪರೇಷನ್ ಆಯಿತು. ಮಗು ಮೊಣಕೈ ಒಳಗೆ ನೋವು ಅಂದರೆ ಅವತ್ತೇ ಎಸೆತ ನಿಲ್ಲಿಸಿ. ಬಾಮ್ ಹಚ್ಚಿ ಮತ್ತೆ ಎಸೆಸುವುದು ತಪ್ಪು. ಸೊಂಟ ನೋವು ಎರಡು ವಾರ ಬಿಡದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ಹದಿನಾಲ್ಕರ ಮೇಲೆ ನಿಜವಾದ ಜಾವೆಲಿನ್ ವಾರಕ್ಕೆ ಎರಡು ದಿನ, ಮಧ್ಯೆ ಎರಡು ದಿನ ಬಿಡುವು. ದಿನಕ್ಕೆ ಮೂವತ್ತರ ಹತ್ತಿರ ಎಸೆತ, ಅದರಲ್ಲಿ ಪೂರ್ತಿ ಜೋರಿನವು ಐದಾರು ಮಾತ್ರ. ಮೊದಲು ನಿಂತಲ್ಲಿಂದ, ಆಮೇಲೆ ಮೂರು ಹೆಜ್ಜೆ, ಆಮೇಲೆ ಐದು ಹೆಜ್ಜೆ, ಪೂರ್ತಿ ಓಟ ಕೊನೆಗೆ. ದಾರ ಸುತ್ತಿದ ಹಿಡಿಯ ಹಿಂದಿನ ಅಂಚಿಗೆ ಹೆಬ್ಬೆರಳು ಮತ್ತು ತೋರುಬೆರಳು ಕೂರಿಸಬಹುದು, ಇಲ್ಲ ಹೆಬ್ಬೆರಳು ಮತ್ತು ಮಧ್ಯದ ಬೆರಳು. ಮಗುವಿಗೆ ಯಾವುದು ಗಟ್ಟಿ ಅನಿಸುತ್ತದೋ ಅದೇ ಇರಲಿ. ಅಂಗೈ ಮೇಲಕ್ಕೆ, ಕೈ ಹಿಂದೆ ಉದ್ದಕ್ಕೆ, ಮೂತಿ ಕಣ್ಣಿನ ಹತ್ತಿರ. ಎಲ್ಲಕ್ಕಿಂತ ಮುಖ್ಯ ಬಲಗೈಯವರಿಗೆ ಎಡಗಾಲು. ಅದು ನೆಟ್ಟಗೆ, ಗಟ್ಟಿಯಾಗಿ ಊರಿದಾಗಲೇ ಓಟದ ವೇಗ ಸೊಂಟಕ್ಕೆ, ಭುಜಕ್ಕೆ, ಕೊನೆಗೆ ಕೈಗೆ ಏರುತ್ತದೆ. ಮೊಣಕಾಲು ಮಡಚಿತೋ, ಓಡಿದ್ದೆಲ್ಲ ನೆಲದ ಪಾಲು. ಇದನ್ನು ಪರೀಕ್ಷಿಸಲು ಸುಲಭ ದಾರಿ ಇದೆ: ನಿಂತು ಎಸೆದ ದೂರ ಮತ್ತು ಓಡಿ ಎಸೆದ ದೂರ ಎರಡನ್ನೂ ತಿಂಗಳಿಗೊಮ್ಮೆ ಬರೆಯಿರಿ. ನಿಂತು 28, ಓಡಿ 30 ಬಂದರೆ ಆ ಹುಡುಗ ಸುಮ್ನೆ ಓಡುತ್ತಿದ್ದಾನೆ. ಓಟ ಕಡಿಮೆ ಮಾಡಿ, ಮೂರು ಹೆಜ್ಜೆಗೇ ವಾಪಸ್ ಬನ್ನಿ.

ಕೋಚ್ ಇಲ್ಲ ಅನ್ನುವ ಚಿಂತೆ ಹಳ್ಳಿಗಳಲ್ಲಿ ಇದ್ದೇ ಇದೆ. ಕೀನ್ಯಾದ ಜೂಲಿಯಸ್ ಯೇಗೊ ಯೂಟ್ಯೂಬ್ ವಿಡಿಯೋ ನೋಡಿ ಕಲಿತು, 2015ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 92.72 ಎಸೆದು ಚಿನ್ನ ಗೆದ್ದರು. ನೀವೂ ಮೊಬೈಲನ್ನು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಇಟ್ಟು ಸ್ಲೋ ಮೋಷನ್‌ನಲ್ಲಿ ತೆಗೆಯಿರಿ, ಆ ಎಡಗಾಲು ಊರುವ ಕ್ಷಣವನ್ನು ಮಗುವಿಗೇ ತೋರಿಸಿ. ಒಂದು ಸಲಕ್ಕೆ ಒಂದೇ ತಪ್ಪು ಹೇಳಿ.

ಊಟಕ್ಕೆ ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ, ಮೊಸರು, ಮೊಟ್ಟೆ ಇದ್ದರೆ ಮಕ್ಕಳಿಗೆ ಡಬ್ಬಿಯ ಪುಡಿ ಬೇಕಿಲ್ಲ. ಯಾರೋ ಕೊಟ್ಟ ಪುಡಿ, ಮಾತ್ರೆ, ಇಂಜೆಕ್ಷನ್ ಮಾತ್ರ ಹತ್ತಿರ ಬಿಡಬೇಡಿ. ನಮ್ಮ ಹಾಸನ ಜಿಲ್ಲೆ ಬೇಲೂರು ಕಡೆಯ ಡಿ.ಪಿ. ಮನು ಬುಡಾಪೆಸ್ಟ್ ಫೈನಲ್‌ನಲ್ಲಿ 84.14 ಎಸೆದು ಆರನೆಯವರಾಗಿದ್ದರು. ಅಷ್ಟು ಮೇಲೆ ಹೋದವರು 2024ರಲ್ಲಿ ಡೋಪಿಂಗ್ ಪ್ರಕರಣದಲ್ಲಿ ಅಮಾನತಾಗಿ ಪ್ಯಾರಿಸ್‌ಗೆ ಹೋಗಲಾಗಲಿಲ್ಲ. ಓದಿದಾಗ ತುಂಬಾ ಸಂಕಟವಾಯಿತು. ಹುಟ್ಟಿದ ತಾರೀಕು ತಿದ್ದಿಸಿ ಚಿಕ್ಕವರ ಜೊತೆ ಎಸೆಸುವುದೂ ಅಷ್ಟೇ ಕೆಟ್ಟದ್ದು. ಗೆದ್ದ ಪದಕ ಹೋಗುತ್ತದೆ, ನಿಜವಾಗಿ ಗೆಲ್ಲಬೇಕಿದ್ದ ಮಗುವಿನ ಅವಕಾಶವೂ ಹೋಗುತ್ತದೆ.

ತಾಲೂಕು ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಆಮೇಲೆ ರಾಜ್ಯಕ್ಕೆ. ದಸರಾ ಕ್ರೀಡಾಕೂಟಕ್ಕೂ ಹೆಸರು ಕೊಡಿ, ಸ್ಪರ್ಧೆಯ ಅನುಭವ ಸಿಗುತ್ತದೆ. ಕ್ರೀಡಾ ಹಾಸ್ಟೆಲ್ ಆಯ್ಕೆ ಯಾವಾಗ ಅಂತ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮಣ್ಣಿನಲ್ಲಿ ಓಡಿ ರೂಢಿಯಾದ ಮಗು ಸಿಂಥೆಟಿಕ್ ಟ್ರ್ಯಾಕ್ ಮೇಲೆ ಮೊದಲ ಸಲ ಓಡಿದರೆ ಹೆಜ್ಜೆ ಉದ್ದವಾಗಿ ಗೆರೆ ದಾಟುತ್ತದೆ. ಹಾಗಾಗಿ ಒಂದು ದಿನ ಮುಂಚೆ ಹೋಗಿ, ಸರ್‌ಗಳನ್ನು ಕೇಳಿ ಓಟದ ಪಟ್ಟಿ ಮೇಲೆ ಏಳೆಂಟು ಸಲ ಜಾವೆಲಿನ್ ಇಲ್ಲದೆ ಓಡಿಸಿ, ಶುರುವಿನ ಗುರುತನ್ನು ಹೊಸದಾಗಿ ಅಳೆದು ಬರೆದಿಟ್ಟುಕೊಳ್ಳಿ. ಮೊದಲ ಎಸೆತ ಐದು ಹೆಜ್ಜೆಯಲ್ಲಿ, ಗೆರೆಗೆ ದೂರದಿಂದ, ಒಂದು ಅಂಕಿ ಹಾಳೆ ಮೇಲೆ ಬೀಳುವ ಹಾಗೆ. ಎರಡನೆಯದು ಪೂರ್ತಿ ಜೋರಿನಲ್ಲಿ.