ಸಂಜೆ ನಾಲ್ಕು ಗಂಟೆ ಹಸಿವಿಗೆ ಏನು ತಿನ್ನೋದು? ಗಲ್ಲಾದಲ್ಲಿ ಕೂತವನ ಲೆಕ್ಕ

ಮುಂಬೈನ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ 22 ವರ್ಷದಿಂದ ಕೂತಿದ್ದೇನೆ. ಮಧ್ಯಾಹ್ನ ಮೂರೂವರೆ ಆದರೆ ಸಾಕು, ಉದ್ದಿನ ವಡೆ, ಬಟಾಟವಡಾ, ಗೋಳಿಬಜೆ, ಬನ್ಸ್ ಒಂದರ ಹಿಂದೆ ಒಂದು ಕಣ್ಣೆದುರೇ ಹೋಗುತ್ತವೆ. ನಾನೂ ದಿನಾ ಅದನ್ನೇ ತಿಂದೆ. ಪುಕ್ಕಟೆ, ಅಲ್ವಾ! ಹೋದ ವರ್ಷ ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ) ಪರೀಕ್ಷೆ ಮಾಡಿಸಿದಾಗ 6.1 ಬಂತು. 5.7ರಿಂದ 6.4 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಅಲ್ಲಿಂದ ನನ್ನ ಸಂಜೆ ತಿಂಡಿ ಬದಲಾಯಿತು.

ಮೊದಲು ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಬಿಡಿ. ಆಮೇಲೆ ಬರೀ ಸೌತೆಕಾಯಿ ಕೊಟ್ಟರೂ ತಿನ್ನುತ್ತೀರಾದರೆ ಅದು ಹಸಿವು. ವಡೆಯೇ ಬೇಕು ಅನಿಸಿದರೆ ಅದು ಅಡುಗೆಮನೆಯ ಪರಿಮಳದ ಕೆಲಸ.

ನಿಜವಾದ ಹಸಿವಿಗೆ ನನ್ನ ಮೊದಲ ಆಯ್ಕೆ ಸಿಪ್ಪೆಯಿರುವ ಹುರಿದ ಕಡಲೆ. ಒಂದು ಮುಷ್ಟಿ ಅಂದರೆ ಸುಮಾರು 30 ಗ್ರಾಂ. ಅದರಲ್ಲಿ 6 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ, ನಾರೂ ಇರುತ್ತದೆ. ಜಗಿಯಲು ಹೊತ್ತು ಹಿಡಿಯುತ್ತದೆ, ಅದೂ ಲಾಭವೇ. ಶೇಂಗಾವೂ ಒಳ್ಳೆಯದು, ಆದರೆ 30 ಗ್ರಾಂಗೆ ಸುಮಾರು 170 ಕ್ಯಾಲೊರಿ. ಪೊಟ್ಟಣದಿಂದ ನೇರ ತಿನ್ನಲು ಕೂತರೆ ಲೋಕಲ್ ಟ್ರೈನು ಡೊಂಬಿವಲಿಗೆ ಬರುವಷ್ಟರಲ್ಲಿ ಖಾಲಿ! ಅದಕ್ಕೇ ಮನೆಯಲ್ಲೇ ಚಿಕ್ಕ ಸ್ಟೀಲ್ ಡಬ್ಬಿಗೆ ಅಳೆದು ಹಾಕಿ. ಕಡಲೆ ಹುರಿಯುವ ಭಟ್ಟಿಯವನ ಹತ್ತಿರ ಉಪ್ಪು ಹಾಕದ್ದನ್ನೇ ಕೇಳಿ. ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಸಾಕು, ಊಟದಲ್ಲೇ ಅದು ಮುಗಿದಿರುತ್ತದೆ.

ಮಂಡಕ್ಕಿ ಹಗುರ ಅಂತ ಬಟ್ಟಲುಗಟ್ಟಲೆ ತಿನ್ನುವವರಿದ್ದಾರೆ. ಅದು ಅಕ್ಕಿಯೇ ತಾನೇ? ಗಂಟೆಯೊಳಗೆ ಮತ್ತೆ ಹಸಿವು. ಅದಕ್ಕೆ ಮೊಳಕೆ ಹೆಸರುಕಾಳು, ಈರುಳ್ಳಿ, ಟೊಮೆಟೊ, ಲಿಂಬೆರಸ ಸೇರಿಸಿದರೆ ಹೊಟ್ಟೆ ತುಂಬಿದಂತಿರುತ್ತದೆ. ಹೊರಗೆ ಭೇಳ್ ತಿನ್ನುವುದಾದರೆ ‘ಸೇವ್ ನಕೋ, ಗೋಡ್ ಚಟ್ನಿ ನಕೋ’ (ಸೇವ್ ಬೇಡ, ಸಿಹಿ ಚಟ್ನಿ ಬೇಡ) ಅನ್ನಿ. ಸ್ಟೇಷನ್ ಹೊರಗಿನ ಭೇಳ್‌ವಾಲಾ ಮೊದಲ ದಿನ ನನ್ನನ್ನು ನೋಡಿದ ರೀತಿ, ಅವನ ಮನೆಗೆ ಹೋಗಿ ಊಟ ಬೇಡ ಅಂದಂತಿತ್ತು. ಈಗ ಅವನೇ ಶೇಂಗಾ ಜಾಸ್ತಿ ಹಾಕುತ್ತಾನೆ.

ಹಣ್ಣನ್ನು ಹಣ್ಣಾಗಿಯೇ ತಿನ್ನಿ. ಜ್ಯೂಸಿನಲ್ಲಿ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ನನಗೆ ಪೇರಳೆ ಇಷ್ಟ, ಮಸಾಲೆ ಉಪ್ಪು ಬೇಡ ಅನ್ನುತ್ತೇನೆ. ಸಪ್ಪೆ ಮಜ್ಜಿಗೆಯೂ ಆಗುತ್ತದೆ. ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಇನ್ನು ಬಿಸ್ಕೆಟ್. ಪ್ಯಾಕೆಟ್ಟಿನ ಮುಂಭಾಗ ಓದಲೇಬೇಡಿ, ತಿರುಗಿಸಿ. ಪದಾರ್ಥಗಳನ್ನು ತೂಕದ ಕ್ರಮದಲ್ಲಿ ಬರೆದಿರುತ್ತಾರೆ, ಜಾಸ್ತಿ ಇರುವುದು ಮೊದಲು. ಮುಂದೆ ‘ಮಲ್ಟಿಗ್ರೇನ್’ ಅಂತಿದ್ದು ಹಿಂದೆ ಮೊದಲನೆಯದೇ ಮೈದಾ ಆಗಿದ್ದರೆ ವಾಪಸ್ ಇಡಿ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್ ಅಂದರೂ ಸಕ್ಕರೆಯೇ. ನಮ್ಮ ಮನೆಯಲ್ಲಿದ್ದ ಪ್ಯಾಕೆಟ್ಟಿನಲ್ಲಿ 100 ಗ್ರಾಂಗೆ 24 ಗ್ರಾಂ ಸಕ್ಕರೆ. ಚಹಾದ ಜೊತೆ ನಾನು ತಿನ್ನುತ್ತಿದ್ದ ಆರು ಬಿಸ್ಕೆಟ್ 40 ಗ್ರಾಂ ತೂಗಿದವು. ಅಂದರೆ ಎರಡು ಚಮಚ ಸಕ್ಕರೆ ಅಲ್ಲೇ ಹೋಯಿತು, ಚಹಾದ್ದು ಬೇರೆ. ಶೇಂಗಾ ಎಣ್ಣೆಯ ತಿಂಡಿ ಮೇಲೆ ‘ನೋ ಕೊಲೆಸ್ಟ್ರಾಲ್’ ಅಂತ ಬರೆಯುವುದು ಸುಮ್ನೆ. ಗಿಡದಿಂದ ಬಂದ ಎಣ್ಣೆಯಲ್ಲಿ ಅದು ಇರುವುದೇ ಇಲ್ಲ ಎನ್ನಬಹುದು.

ವಡೆ ಪೂರ್ತಿ ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ಶನಿವಾರ ಒಂದು ತಿನ್ನುತ್ತೇನೆ, ಬೆಳಿಗ್ಗೆ ಹೊಸ ಎಣ್ಣೆಯ ಮೊದಲ ಬಾಣಲೆಯದ್ದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ನೊರೆ ಬಂದು, ಬೇಗ ಹೊಗೆಯಾಡುತ್ತದೆ. ಕೊಳ್ಳುವ ಮೊದಲು ಬಾಣಲೆಗೆ ಒಮ್ಮೆ ಇಣುಕಿ. ಪೇಪರಿನಲ್ಲಿ ಸುತ್ತಿ ಕೊಟ್ಟರೆ ತಟ್ಟೆ ಕೇಳಿ. ಶಾಯಿ ತಿಂಡಿಗೆ ಅಂಟುತ್ತದೆ. ನ್ಯೂಸ್‌ಪೇಪರ್ ಬಳಸಬೇಡಿ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2023ರಲ್ಲೂ ಹೇಳಿದೆ.

ಡಬ್ಬಿಯ ಮುಚ್ಚಳ ಗಟ್ಟಿ ಇರಲಿ, ಇಲ್ಲಿನ ಜೂನ್ ಮಳೆಗೆ ಕಡಲೆ ಒಂದೇ ದಿನದಲ್ಲಿ ಮೆತ್ತಗಾಗುತ್ತದೆ. ಡಬ್ಬಿ ಮರೆತ ದಿನ ನಾನು ದಾರಿಯಲ್ಲಿ ಒಂದು ಏಲಕ್ಕಿ ಬಾಳೆಹಣ್ಣು, ಹತ್ತು ರೂಪಾಯಿಯ ಶೇಂಗಾ ತೆಗೆದುಕೊಳ್ಳುತ್ತೇನೆ. ಹಣ್ಣು ಪ್ಲಾಟ್‌ಫಾರ್ಮಿನಲ್ಲಿ, ಶೇಂಗಾ ಕುರ್ಲಾ ದಾಟಿದ ಮೇಲೆ.